ಮೂರು ಮಿಲಿಮೀಟರಿನ ತಗ್ಗು

2024ರ ಜುಲೈ ತಿಂಗಳ ಕೊನೆಗೆ ಒಂದು ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರುತ್ತ ಜಗತ್ತನ್ನೆಲ್ಲ ಸುತ್ತಿತು. ಟರ್ಕಿಯ ಯೂಸುಫ್ ಡಿಕೆಚ್, ವಯಸ್ಸು 51. ಮೈಮೇಲೆ ಒಂದು ಟೀ ಶರ್ಟು, ಕಣ್ಣಿಗೆ ಯಾವ ಮೇಷ್ಟರೂ ಹಾಕಿಕೊಳ್ಳಬಹುದಾದಂಥ ಕನ್ನಡಕ, ಎಡಗೈ ಪ್ಯಾಂಟಿನ ಜೇಬಿನೊಳಗೆ, ಬಲಗೈಯಲ್ಲಿ ಪಿಸ್ತೂಲು. ಪ್ಯಾರಿಸ್ ಒಲಿಂಪಿಕ್ಸಿನ 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡ ವಿಭಾಗದಲ್ಲಿ ಆತ ಜೊತೆಗಾತಿ ಶೆವ್ವಾಲ್ ಇಲಾಯ್ದಾ ತರ್ಹಾನ್ ಜೊತೆ ಬೆಳ್ಳಿ ಗೆದ್ದಿದ್ದ. ಅದರ ಪಕ್ಕದಲ್ಲೇ ಜನ ಇನ್ನೊಂದು ಚಿತ್ರ ಇಟ್ಟರು: ದಕ್ಷಿಣ ಕೊರಿಯಾದ ಕಿಮ್ ಯೆ-ಜಿ. ಒಂದು ಕಣ್ಣಿಗೆ ಪರದೆ, ಇನ್ನೊಂದರ ಮುಂದೆ ಲೋಹದ ಚೌಕಟ್ಟು, ವಿಜ್ಞಾನ ಕಥೆಯ ಸಿನಿಮಾದಿಂದ ಇಳಿದು ಬಂದಂಥ ನೋಟ. ಒಬ್ಬಳಿಗೆ ಇಷ್ಟೆಲ್ಲ ಸಲಕರಣೆ, ಇನ್ನೊಬ್ಬನಿಗೆ ಏನೂ ಇಲ್ಲ. ಆದರೂ ಇಬ್ಬರ ಕೊರಳಲ್ಲೂ ಬೆಳ್ಳಿ. ನಗಲು ಇಷ್ಟು ಸಾಕಾಯಿತು.

ನಗು ಚೆನ್ನಾಗಿತ್ತು, ಅದರ ಹಿಂದಿನ ತಿಳಿವಳಿಕೆ ಮಾತ್ರ ಅರ್ಧಂಬರ್ಧ. ಡಿಕೆಚ್ ಕಿವಿಯಲ್ಲಿ ಪ್ಲಗ್ ಇತ್ತು. ಜೇಬಿನಲ್ಲಿ ಕೈ ಇಟ್ಟದ್ದು ಉಡಾಫೆಯಿಂದ ಅಲ್ಲ. ಪಿಸ್ತೂಲ್ ಶೂಟರುಗಳೆಲ್ಲ ಬಿಡುವಿರುವ ಕೈಯನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸುತ್ತಾರೆ. ಸುಮ್ಮನೆ ನೇತಾಡುವ ತೋಳು ಭುಜವನ್ನು ಅಲುಗಿಸುತ್ತದೆ. ಅಷ್ಟೇ ಅಲ್ಲ, ಅವತ್ತು ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದ ನಮ್ಮ ಮನು ಭಾಕರ್ ಮತ್ತು ಸರಬ್‌ಜೋತ್ ಸಿಂಗ್ ಕೂಡ ಕುತ್ತಿಗೆಯಿಂದ ಕೆಳಗೆ ಹೆಚ್ಚುಕಡಿಮೆ ಡಿಕೆಚ್‌ನಂತೆಯೇ ಇದ್ದರು. ಪಿಸ್ತೂಲಿನವರು ಸರಳವಾಗಿ ಉಡುವುದು ವೈರಾಗ್ಯದಿಂದಲ್ಲ. ಅದಕ್ಕಿಂತ ಹೆಚ್ಚು ತೊಡಲು ನಿಯಮವೇ ಬಿಡುವುದಿಲ್ಲ.

ಇದಾಗಿ ಎರಡು ದಿನಕ್ಕೆ, ಪ್ಯಾರಿಸ್ ಒಲಿಂಪಿಕ್ಸಿನ ಶೂಟಿಂಗ್ ನಡೆದ ಅದೇ ಶಾಟೊರೂ ರೇಂಜಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚು ಪಡೆದರು. ಆ ಫೈನಲ್ಲಿನ ಚಿತ್ರವನ್ನು ಡಿಕೆಚ್ ಚಿತ್ರದ ಪಕ್ಕ ಇಟ್ಟು ನೋಡಬೇಕು. ಕ್ಯಾನ್‌ವಾಸು ಮತ್ತು ಚರ್ಮದ ದಪ್ಪ ಜಾಕೆಟ್ಟು, ಅದೇ ಬಗೆಯ ಪ್ಯಾಂಟು, ಚಪ್ಪಟೆ ತಳದ ಬೂಟು, ಎಡಗೈಗೆ ಗವಸು, ಭುಜ ಮೊಣಕೈ ಮೊಣಕಾಲುಗಳಲ್ಲಿ ಜಾರದ ರಬ್ಬರಿನ ತೇಪೆ. ಕ್ರೀಡಾಪಟು ಎನ್ನುವುದಕ್ಕಿಂತ ಬಾಂಬು ನಿಷ್ಕ್ರಿಯಗೊಳಿಸಲು ಹೊರಟವನು ಎನ್ನಬೇಕು, ಹಾಗೆ. ಈ ಪೋಷಾಕು ತೊಟ್ಟ ಶೂಟರುಗಳು ಮೊಣಕಾಲು ಮಡಚದೆ ಅತ್ತಿತ್ತ ವಾಲುತ್ತ ಹೆಜ್ಜೆ ಹಾಕುವುದು ರೇಂಜುಗಳಲ್ಲಿ ಹಳೆಯ ತಮಾಷೆ.

ಆ ನಡಿಗೆಯ ಮೇಲೂ ನಿಯಮ ಕಣ್ಣಿಟ್ಟಿದೆ. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ, ಅಂದರೆ ಐಎಸ್‌ಎಸ್‌ಎಫ್, ಹೇಳುವುದಿಷ್ಟು: ಸ್ಪರ್ಧಾಂಗಣದಲ್ಲಿರುವಷ್ಟು ಹೊತ್ತೂ ಶೂಟರ್ ಮೊದಲು ಹಿಮ್ಮಡಿ ಊರಿ ಆಮೇಲೆ ಬೆರಳು ಊರುವ ಸಹಜ ನಡಿಗೆಯಲ್ಲೇ ಓಡಾಡಬೇಕು. ಮೊದಲ ಸಲ ತಪ್ಪಿದರೆ ಎಚ್ಚರಿಕೆ. ಮತ್ತೆ ತಪ್ಪಿದರೆ ಎರಡು ಅಂಕ ಕಡಿತ. ಅದಕ್ಕೂ ಬಗ್ಗದಿದ್ದರೆ ಸ್ಪರ್ಧೆಯಿಂದಲೇ ಹೊರಕ್ಕೆ. ನಡೆಯುವ ರೀತಿಗೆ ಶಿಕ್ಷೆ ಕೊಡುವ ಆಟ ವೇಗದ ನಡಿಗೆಯ ಸ್ಪರ್ಧೆಯೊಂದೇ ಎಂದುಕೊಂಡಿದ್ದವರಿಗೆ ಇದು ಸೋಜಿಗ. ನಿಯಮದ ಉದ್ದೇಶ ನಡಿಗೆಯ ಅಂದವಲ್ಲ. ಬೂಟಿನ ತಳ ಬಾಗುತ್ತದೆಯೇ ಎಂಬುದಕ್ಕೆ ನಡಿಗೆಯೇ ಸಾಕ್ಷಿ. ಹಲಗೆಯಂತೆ ಗಟ್ಟಿಯಾದ ತಳ ಹಾಕಿಸಿಕೊಂಡವನು ಸಹಜವಾಗಿ ನಡೆಯಲಾರ.

ತಳ ಬಾಗದಿದ್ದರೆ ಯಾರಿಗೇನು ನಷ್ಟ? ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮನುಷ್ಯ ನಿಲ್ಲುವ ಬಗೆಯನ್ನು ನೋಡಬೇಕು.

ನಾವು ಅಲ್ಲಾಡದೆ ನಿಂತಿದ್ದೇವೆ ಎಂದುಕೊಂಡಾಗಲೂ ನಿಂತಿರುವುದಿಲ್ಲ. ಎತ್ತರದ, ತಲೆಭಾರದ ಈ ದೇಹ ಎರಡು ಪಾದಗಳ ಸಣ್ಣ ಜಾಗದ ಮೇಲೆ ಸದಾ ಒಂದೆಡೆಗೆ ಬೀಳುತ್ತಿರುತ್ತದೆ. ಮೀನಖಂಡದ ಸ್ನಾಯುಗಳು ಅದನ್ನು ಸದಾ ಎಳೆದು ಸರಿಪಡಿಸುತ್ತಿರುತ್ತವೆ. ಒಳಕಿವಿ, ಕಣ್ಣು, ಪಾದದ ಚರ್ಮ, ಕೀಲುಗಳು ಎಲ್ಲ ಕಡೆಯಿಂದಲೂ ವರದಿ ಬರುತ್ತದೆ, ತಿದ್ದುಪಡಿ ಹೋಗುತ್ತದೆ. ವರದಿಗೂ ತಿದ್ದುಪಡಿಗೂ ನಡುವೆ ಕ್ಷಣದ ಒಂದಂಶ ಕಳೆದುಹೋಗುವುದರಿಂದ ದೇಹ ಮಿಲಿಮೀಟರುಗಳ ಲೆಕ್ಕದಲ್ಲಿ ತೂಗುತ್ತಲೇ ಇರುತ್ತದೆ. ಇದರ ಮೇಲೆ ಸ್ನಾಯುಗಳಿಗೆ ಅವುಗಳದ್ದೇ ನಡುಕವಿದೆ, ಆರೋಗ್ಯವಂತರಲ್ಲೂ ಸೆಕೆಂಡಿಗೆ ಸುಮಾರು 8ರಿಂದ 12 ಸಲ. ಜೊತೆಗೆ ಉಸಿರು. ಉಸಿರನ್ನು ಸ್ವಲ್ಪ ಹೊತ್ತು ಹಿಡಿಯಬಹುದು, ಹೃದಯವನ್ನು ಹಿಡಿಯಲಾಗದು. ಪ್ರತಿ ಬಡಿತಕ್ಕೂ ರಕ್ತ ಮಹಾಧಮನಿಗೆ ನುಗ್ಗಿದಾಗ ಇಡೀ ದೇಹ ಒಂದಿಷ್ಟು ಹಿಂದಕ್ಕೆ ಒದ್ದುಕೊಳ್ಳುತ್ತದೆ. ದಿನನಿತ್ಯದ ಬದುಕಿನಲ್ಲಿ ಇದಾವುದೂ ಲೆಕ್ಕಕ್ಕಿಲ್ಲ.

ಏರ್ ರೈಫಲ್‌ನಲ್ಲಿ ಲೆಕ್ಕಕ್ಕಿದೆ. ಹತ್ತು ಮೀಟರ್ ದೂರದ ಗುರಿಫಲಕದ ನಟ್ಟನಡುವಿನ ಹತ್ತರ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್, ಅಂದರೆ ಬಾಲ್‌ಪೆನ್ ತುದಿ ಒತ್ತಿದರೆ ಆಗುವ ಗುರುತಿನಷ್ಟು. ಹಾರಿ ಬರುವ ಸೀಸದ ಗುಂಡೇ 4.5 ಮಿ.ಮೀ. ಅಗಲವಿರುವುದರಿಂದ ಅದರ ಅಂಚು ಚುಕ್ಕೆಗೆ ತಾಗಿದರೂ 10 ಸಿಗುತ್ತದೆ. ಆದರೆ ಈಗ ಪೂರ್ಣ ಸಂಖ್ಯೆಯ ಅಂಕಕ್ಕೆ ಯಾರೂ ತೃಪ್ತರಾಗುವಂತಿಲ್ಲ. ಎಲೆಕ್ಟ್ರಾನಿಕ್ ಫಲಕ ಹತ್ತನ್ನೂ ಹತ್ತು ಹೋಳು ಮಾಡಿ 10.0ಯಿಂದ 10.9ರವರೆಗೆ ಅಳೆಯುತ್ತದೆ. 10.9 ಬೇಕಾದರೆ ಗುಂಡಿನ ಕೇಂದ್ರ ಫಲಕದ ಕೇಂದ್ರದಿಂದ ಕಾಲು ಮಿಲಿಮೀಟರಿಗಿಂತ ಆಚೆ ಹೋಗಕೂಡದು. ರೈಫಲ್ಲಿನ ಹಿಂದಿನ ಕಿಂಡಿಗೂ ಮುಂದಿನ ಉಂಗುರಕ್ಕೂ 70 ಸೆಂ.ಮೀ. ಅಂತರವಿದೆ ಎಂದಿಟ್ಟುಕೊಳ್ಳಿ. ಫಲಕದ ಮೇಲಿನ ಆ ಕಾಲು ಮಿಲಿಮೀಟರು ನಳಿಕೆಯ ತುದಿಯಲ್ಲಿ ಸುಮಾರು 0.0175 ಮಿ.ಮೀ. ಆಗುತ್ತದೆ. ತಲೆಗೂದಲು ಇದಕ್ಕಿಂತ ಹಲವು ಪಟ್ಟು ದಪ್ಪ.

ಇದು ಬರೀ ಕಾಗದದ ಲೆಕ್ಕವಲ್ಲ ಎನ್ನುವುದಕ್ಕೆ ಪ್ಯಾರಿಸ್ಸಿನದೇ ಅಂಕಪಟ್ಟಿ ನೋಡಿ. ಅರ್ಹತಾ ಸುತ್ತಿನಲ್ಲಿ 60 ಗುಂಡು, ಗರಿಷ್ಠ 654. ನಮ್ಮ ಅರ್ಜುನ್ ಬಬುಟಾ 630.1 ಗಳಿಸಿ ಏಳನೆಯವರಾಗಿ ಫೈನಲ್ ತಲುಪಿದರು. ಸಂದೀಪ್ ಸಿಂಗ್ 629.3 ಗಳಿಸಿ ಹನ್ನೆರಡನೆಯವರಾದರು, ಮನೆಗೆ ಹೊರಟರು. ಅರವತ್ತು ಗುಂಡುಗಳಲ್ಲಿ ಒಟ್ಟು ಸೇರಿ ಇಬ್ಬರ ನಡುವಿನ ವ್ಯತ್ಯಾಸ 0.8. ಇಂಥ ಕಡೆ ಜಾಕೆಟ್ಟಿನ ಒಂದು ಹೊಲಿಗೆ ಪ್ರತಿ ಗುಂಡಿಗೆ ನೂರರಲ್ಲೊಂದೆರಡು ಭಾಗ ಅಂಕ ತಂದುಕೊಟ್ಟರೂ ಅದು ಒಲಿಂಪಿಕ್ ಫೈನಲ್ಲಿನ ಬಾಗಿಲು ತೆರೆಯಬಲ್ಲದು. ಅದಕ್ಕೇ ಈ ಆಟದಲ್ಲಿ ದರ್ಜಿಯ ಮೇಲೆ ಅಷ್ಟು ಗುಮಾನಿ.

ನಿಂತು ಹೊಡೆಯುವ ರೈಫಲ್ ಶೂಟರ್ ಮಾಡುವ ಮುಖ್ಯ ಉಪಾಯ ಸ್ನಾಯುವಿನ ಕೆಲಸವನ್ನು ಮೂಳೆಗೆ ವಹಿಸುವುದು. ಸ್ನಾಯು ನಡುಗುತ್ತದೆ, ಸೋಲುತ್ತದೆ, ಮೂಳೆ ಹಾಗಲ್ಲ. ಬಲಗೈಯವನಾದರೆ ಎಡ ಮೊಣಕೈಯನ್ನು ಸೊಂಟದ ಮೂಳೆಯ ಏಣಿನ ಮೇಲೋ ಪಕ್ಕೆಯ ಮೇಲೋ ಊರಿ, ಅದರ ಮೇಲೆ ಕೈ, ಕೈ ಮೇಲೆ ರೈಫಲ್, ಹೀಗೆ ಕಂಬದ ಮೇಲೆ ಕಂಬ ನಿಲ್ಲಿಸುತ್ತಾನೆ. ಐದೂವರೆ ಕಿಲೋ ತನಕ ತೂಗಬಹುದಾದ ರೈಫಲ್ ಮುಂದಕ್ಕೆ ಜಗ್ಗುವುದರಿಂದ ಬೆನ್ನನ್ನು ಹಿಂದಕ್ಕೂ ಪಕ್ಕಕ್ಕೂ ಬಾಗಿಸಿ, ಸ್ವಲ್ಪ ತಿರುಚಿ, ತೂಕ ಸರಿದೂಗಿಸುತ್ತಾನೆ. ಬೆನ್ನುಮೂಳೆಯ ಕೆಳಭಾಗ ಇಡೀ ಭಾರವನ್ನು ವಕ್ರವಾಗಿ ಹೊರುತ್ತದೆ. ದಿನಕ್ಕೆ ಗಂಟೆಗಟ್ಟಲೆ, ವರ್ಷಗಟ್ಟಲೆ ಹೀಗೆ ನಿಂತವರಿಗೆ ಸೊಂಟನೋವು ಬಂದರೆ ಆಶ್ಚರ್ಯವೇನಿಲ್ಲ. ಅಲ್ಲಿಗೆ ಜಾಕೆಟ್ಟು ಬರುತ್ತದೆ. ಬಾಗಿದ ಬೆನ್ನಿಗೆ ಗಟ್ಟಿ ಬಟ್ಟೆ ಒತ್ತು ಕೊಡುತ್ತದೆ, ಬಡಿತದ ಕುಲುಕನ್ನು ರೈಫಲ್ ಮುಟ್ಟುವ ಮುನ್ನ ಒಂದಿಷ್ಟು ನುಂಗುತ್ತದೆ, ರೈಫಲ್ಲಿನ ಹಿಂಬದಿ ಭುಜದಿಂದ ಜಾರದಂತೆ ಹಿಡಿಯುತ್ತದೆ.

ಇಲ್ಲೇ ಗೊಂದಲ ಶುರು. ಬೆನ್ನಿಗೆ ಒತ್ತು ಕೊಡುವ ಬಟ್ಟೆ ರಕ್ಷಣೆಯೂ ಹೌದು, ಸಹಾಯವೂ ಹೌದು. ದೇಹ ತಾನೇ ಮಾಡಬೇಕಾದ ಕೆಲಸವನ್ನು ಬಟ್ಟೆ ಎಷ್ಟರ ಮಟ್ಟಿಗೆ ಮಾಡಿಕೊಡಬಹುದು? ಕಾಲು, ಮುಂಡ, ತೋಳುಗಳ ಚಲನೆಯನ್ನು ಕಟ್ಟಿಹಾಕುವ ಯಾವ ಉಡುಪೂ ಸಾಧನವೂ ಕೂಡದು ಎಂಬುದು ಐಎಸ್‌ಎಸ್‌ಎಫ್ ಮೂಲತತ್ವ. ತತ್ವ ಹೇಳುವುದು ಸುಲಭ. ಬಟ್ಟೆಯೆಂಬ ಬಟ್ಟೆಯೆಲ್ಲ ಚಲನೆಯನ್ನು ಒಂದಿಷ್ಟು ತಡೆಯುತ್ತದೆ. ಗಂಜಿ ಹಾಕಿದ ಪಂಚೆಯೂ ತಡೆಯುತ್ತದೆ. ಗೆರೆ ಎಳೆಯುವುದು ಎಲ್ಲಿ ಎಂಬ ಪ್ರಶ್ನೆಗೆ ತತ್ವದಲ್ಲಿ ಉತ್ತರವಿಲ್ಲ, ಉಪಕರಣದಲ್ಲಿ ಹುಡುಕಬೇಕು.

ಮೊದಲ ಉಪಕರಣ ದಪ್ಪ ಅಳೆಯುವುದು. ಎದುರುಬದುರಾಗಿರುವ 30 ಮಿ.ಮೀ. ವ್ಯಾಸದ ಎರಡು ಚಪ್ಪಟೆ ಬಿಲ್ಲೆಗಳ ನಡುವೆ ಬಟ್ಟೆಯನ್ನಿಟ್ಟು ಐದು ಕಿಲೋ ಭಾರ ಹೇರುತ್ತಾರೆ. ಅಸ್ತರಿಯೂ ಸೇರಿ ಒಂಟಿ ಪದರ 2.5 ಮಿ.ಮೀ. ದಾಟಬಾರದು, ಎರಡು ಪದರ ಒಟ್ಟಿಗೆ 5 ಮಿ.ಮೀ. ದಾಟಬಾರದು. ತೇಪೆ ಹಾಕುವ ಮೊಣಕೈ, ಭುಜದಂಥ ಜಾಗಗಳಿಗೆ 10 ಮಿ.ಮೀ. ತನಕ ರಿಯಾಯಿತಿ. ಗವಸಿನ ಒಟ್ಟು ದಪ್ಪ 12 ಮಿ.ಮೀ. ಮೀರಬಾರದು. ಬೂಟಿನ ತಳ ಬೆರಳಿನ ಕಡೆ 10 ಮಿ.ಮೀ. ಒಳಗಿರಬೇಕು, ಹಿಮ್ಮಡಿಗೆ 15 ನ್ಯೂಟನ್-ಮೀಟರ್ ಬಲ ಹಾಕಿದಾಗ ಕನಿಷ್ಠ 22.5 ಡಿಗ್ರಿ ಬಾಗಬೇಕು. ಅಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸೂಕ್ಷ್ಮ.

ದಪ್ಪ ಅಳೆದರೆ ಸಾಲದೇ? ಸಾಲದು, ಅದಕ್ಕೆ ಕಾರಣ ಭೌತವಿಜ್ಞಾನದಲ್ಲಿದೆ. ಹಾಳೆಯೊಂದರ ಬಾಗದಿರುವ ಗುಣ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ಆದರೆ ಇದು ಒಂದೇ ಹಾಳೆಯ ಮಾತು. ಎರಡು ತೆಳು ಹಾಳೆಗಳು ಒಂದರ ಮೇಲೊಂದು ಸುಮ್ಮನೆ ಮಲಗಿದ್ದರೆ ಬಾಗುವಾಗ ಪರಸ್ಪರ ಜಾರಿಕೊಳ್ಳುತ್ತವೆ, ಬಿಗಿ ಬರೀ ಎರಡು ಪಟ್ಟಾಗುತ್ತದೆ. ಹಳೆಯ ದಿನಪತ್ರಿಕೆಯ ಒಂದು ಕಟ್ಟನ್ನು ಕೈಯಲ್ಲಿ ಹಿಡಿದರೆ ಜೋಲುತ್ತದೆ. ಅವೇ ಹಾಳೆಗಳಿಗೆ ಗೋಂದು ಹಚ್ಚಿ ಒಣಗಿಸಿದರೆ ರಟ್ಟು. ಕಾಗದ ಅಷ್ಟೇ ಇದೆ, ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಜಾಣ ದರ್ಜಿಗೆ ಇದು ಗೊತ್ತು. 2.5 ಮಿ.ಮೀ. ಮೀರದೆಯೇ ಒಳಪದರವನ್ನು ಹೊರಪದರಕ್ಕೆ ಅಂಟಿಸಿ, ಒತ್ತೊತ್ತಾಗಿ ಹೊಲಿಗೆ ಹಾಕಿ, ಜಾಕೆಟ್ಟನ್ನು ಚಿಪ್ಪನ್ನಾಗಿಸಬಹುದು. ದಪ್ಪದ ಯಂತ್ರ ಅದನ್ನು ಕಂಡುಹಿಡಿಯದೆ ಪಾಸು ಮಾಡಿಬಿಡುತ್ತದೆ.

ಅದಕ್ಕಾಗಿ ಎರಡನೆಯ ಉಪಕರಣ. ನನ್ನ ಮಟ್ಟಿಗೆ ಇಡೀ ನಿಯಮಾವಳಿಯಲ್ಲಿ ಇದಕ್ಕಿಂತ ಸೊಗಸಾದ ವಸ್ತುವಿಲ್ಲ. 60 ಮಿ.ಮೀ. ವ್ಯಾಸದ ಕೊಳವೆಯ ಬಾಯಿ ಮೇಲೆ ಬಟ್ಟೆಯನ್ನು ಎಳೆಯದೆ, ಸಹಜವಾಗಿ ಹಾಸುತ್ತಾರೆ. ನಡುವಿಗೆ 20 ಮಿ.ಮೀ. ಅಗಲದ ತಲೆಯುಳ್ಳ ಒಂದು ಕಡ್ಡಿ ಇಳಿಯುತ್ತದೆ, ಅದರ ಮೇಲೆ ಒಂದು ಕಿಲೋ ಭಾರ. ಬಟ್ಟೆ ಕನಿಷ್ಠ 3 ಮಿ.ಮೀ. ತಗ್ಗಬೇಕು. ಮೂರಕ್ಕಿಂತ ಕಡಿಮೆ ತಗ್ಗಿದರೆ ಅದು ಬಟ್ಟೆಯಲ್ಲ, ಆಸರೆ. 2.9 ಬಂದರೂ ನಪಾಸು, ಕಿಂಚಿತ್ತೂ ವಿನಾಯಿತಿ ಇಲ್ಲ. ನೂರಾರು ಪುಟಗಳ ನೀತಿಚರ್ಚೆ ಮಾಡಬಹುದಾಗಿದ್ದ ಪ್ರಶ್ನೆಯೊಂದನ್ನು ಒಂದು ಕಿಲೋ ತೂಕದ ಕೈಗೆ ಕೊಟ್ಟುಬಿಟ್ಟಿದ್ದಾರೆ. ಆ ಮೂರು ಎಂಬ ಸಂಖ್ಯೆ ನಿಸರ್ಗದಿಂದ ಬಂದದ್ದಲ್ಲ. ಮನುಷ್ಯರು ಕೂತು ಒಪ್ಪಿಕೊಂಡದ್ದು. ಆದರೆ ಒಪ್ಪಿಕೊಂಡ ಮೇಲೆ ಚೀನಾದವನಿಗೂ ಚಿಕ್ಕಬಳ್ಳಾಪುರದವನಿಗೂ ಅದೇ.

ಬಟ್ಟೆ ಮೆತ್ತಗಿದ್ದರೂ ಬಿಗಿಯಾಗಿ ಸುತ್ತಿದರೆ ಮತ್ತೆ ಆಸರೆಯಾಗುತ್ತದಲ್ಲ? ಹೌದು, ಅದಕ್ಕೂ ಒಂದು ಕಟ್ಟಳೆ ಇದೆ. ಜಾಕೆಟ್ಟು ಸಡಿಲವಾಗಿರಬೇಕು, ಎಷ್ಟೆಂದರೆ ಗುಂಡಿ ಹಾಕುವ ಜಾಗದಿಂದ ಎಳೆದಾಗ ಕನಿಷ್ಠ 70 ಮಿ.ಮೀ. ಹೆಚ್ಚುವರಿ ಅಗಲ ಸಿಗುವಷ್ಟು. ಮುಚ್ಚಲು ಗುಂಡಿ ಅಥವಾ ಜಿಪ್ ಮಾತ್ರ; ಬೇಕಾದಂತೆ ಬಿಗಿ ಮಾಡಿಕೊಳ್ಳಬಹುದಾದ ಪಟ್ಟಿ, ಲಾಡಿ, ವೆಲ್ಕ್ರೋ ಕೂಡದು. ಉದ್ದ ಎಷ್ಟಿರಬೇಕೆಂಬುದಕ್ಕೆ ಸೆಂಟಿಮೀಟರ್ ಹೇಳಿಲ್ಲ. ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಮುಷ್ಟಿಯ ತಳಕ್ಕಿಂತ ಕೆಳಗೆ ಜಾಕೆಟ್ಟು ಇಳಿಯಬಾರದು. ಕುಳ್ಳರಿಗೂ ಎತ್ತರದವರಿಗೂ ಅವರವರ ದೇಹವೇ ಅಳತೆಕೋಲು. ಪ್ಯಾಂಟು ಸೊಂಟದ ಮೂಳೆಯ ಏಣಿನಿಂದ 50 ಮಿ.ಮೀ.ಗಿಂತ ಮೇಲೇರಬಾರದು. ಇಲ್ಲವಾದರೆ ಪ್ಯಾಂಟನ್ನು ಎದೆಯ ತನಕ ಏರಿಸಿ, ಮೇಲೆ ಜಾಕೆಟ್ಟು ಹಾಕಿ, ಸೊಂಟದ ಸುತ್ತ ಎರಡು ಗಟ್ಟಿ ಪದರ ಸಂಪಾದಿಸುವುದು ಎಷ್ಟು ಹೊತ್ತಿನ ಕೆಲಸ? ಪ್ರತಿ ಕಟ್ಟಳೆಯ ಹಿಂದೆಯೂ ಹಿಂದೊಮ್ಮೆ ಯಾರೋ ಮಾಡಿದ, ಅಥವಾ ಮಾಡಬಹುದಾದ, ಒಂದು ಜಾಣತನ ಅಡಗಿದೆ ಎಂದು ಓದಿಕೊಂಡರೆ ಈ ಒಣ ನಿಯಮಗಳು ಪತ್ತೇದಾರಿ ಕಾದಂಬರಿಯಷ್ಟು ರುಚಿಸುತ್ತವೆ.

ಒಬ್ಬ ಶೂಟರಿಗೆ ಒಂದು ಸ್ಪರ್ಧಾಕೂಟಕ್ಕೆ ಒಂದೇ ಜಾಕೆಟ್ಟು, ಒಂದೇ ಪ್ಯಾಂಟು. ತಪಾಸಣೆಯಲ್ಲಿ ಪಾಸಾದುದಕ್ಕೆ ಸಂಖ್ಯೆಯುಳ್ಳ ಮುದ್ರೆ ಬೀಳುತ್ತದೆ. ಅಲ್ಲಿಗೆ ಮುಗಿಯಲಿಲ್ಲ, ಸ್ಪರ್ಧೆ ಮುಗಿದ ಮೇಲೆ ಜ್ಯೂರಿ ಕೆಲವರನ್ನು ಕರೆದು ಮತ್ತೆ ಅಳೆಯುತ್ತದೆ, ಆಗ ನಪಾಸಾದರೆ ಗಳಿಸಿದ ಅಂಕವೆಲ್ಲ ರದ್ದು. ಚರ್ಮ ನಿರ್ಜೀವವಾದರೂ ಸುಮ್ಮನಿರುವ ವಸ್ತುವಲ್ಲ. ತೇವ ಹೀರಿದರೆ ಮೆತ್ತಗಾಗುತ್ತದೆ, ಬೆವರು ಕುಡಿದು ಒಣಗಿದರೆ ಬಿರುಸಾಗುತ್ತದೆ, ಚಳಿಗೆ ಸೆಟೆಯುತ್ತದೆ. ಮಂಗಳೂರಿನ ಸೆಕೆಯಲ್ಲಿ ನಾಲ್ಕು ಮಿಲಿಮೀಟರ್ ತಗ್ಗುವ ಬೆನ್ನಿನ ಭಾಗ ಯುರೋಪಿನ ಒಣ ಚಳಿಯಲ್ಲಿ ಎಷ್ಟು ತಗ್ಗೀತು ಎಂಬ ಆತಂಕ ನ್ಯಾಯವಾದದ್ದೇ. ಹೊಸ ಜಾಕೆಟ್ಟನ್ನು ಶೂಟರುಗಳು ಮುದುರಿ, ತಿರುಚಿ, ಮೆತ್ತಗೆ ಮಾಡುತ್ತಾರೆ. ಬೇರೆ ಆಟಗಳಲ್ಲಿ ಹೊಸ ಸಲಕರಣೆ ಎಂದರೆ ಹಿಗ್ಗು. ಇಲ್ಲಿ ತಪಾಸಣೆಯ ಮೇಜು ದಾಟುವ ತನಕ ಹೊಟ್ಟೆಯಲ್ಲಿ ತಳಮಳ.

ದೇಹದ ನಡುಕವನ್ನು ಹೊರಗಿನಿಂದ ಬಟ್ಟೆ ತಡೆಯುತ್ತದೆ ಎಂದೆ. ಒಳಗಿನಿಂದ ತಡೆಯುವ ಮದ್ದೂ ಇದೆ: ರಕ್ತದೊತ್ತಡಕ್ಕೆ, ಎದೆಬಡಿತಕ್ಕೆ ವೈದ್ಯರು ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು. ಓಟಗಾರನಿಗೆ ಅವು ಹಾನಿ, ಶೂಟರಿಗೆ ವರ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಉತ್ತರ ಕೊರಿಯಾದ ಕಿಮ್ ಜೊಂಗ್-ಸು ಪಿಸ್ತೂಲಿನಲ್ಲಿ ಒಂದು ಬೆಳ್ಳಿ, ಒಂದು ಕಂಚು ಗೆದ್ದು, ಅಂಥದೇ ಮಾತ್ರೆಯಾದ ಪ್ರೊಪ್ರನಲಾಲ್ ಸೇವಿಸಿದ್ದು ಸಾಬೀತಾಗಿ ಎರಡನ್ನೂ ಕಳೆದುಕೊಂಡ. ಅದೇ ಕೂಟದಲ್ಲಿ ಅಭಿನವ್ ಬಿಂದ್ರಾ ಏರ್ ರೈಫಲ್ಲಿನಲ್ಲಿ 700.5 ಅಂಕ ಗಳಿಸಿ ಭಾರತದ ಮೊದಲ ವೈಯಕ್ತಿಕ ಚಿನ್ನ ತಂದದ್ದು. ತೊಟ್ಟದ್ದು ಅಳತೆಯಲ್ಲಿ ಪಾಸಾದ ಜಾಕೆಟ್ಟು. ಮಾತ್ರೆಯಾದರೆ ಒಂದು ಮಿಲಿಗ್ರಾಮೂ ಕೂಡದು, ಬಟ್ಟೆಯಾದರೆ ಎರಡೂವರೆ ಮಿಲಿಮೀಟರ್ ತನಕ ಅಡ್ಡಿಯಿಲ್ಲ. ಇದರಲ್ಲಿ ತರ್ಕ ಹುಡುಕಿದರೆ ಪೂರ್ತಿ ಸಿಗುವುದಿಲ್ಲ. ಆದರೆ ಬಟ್ಟೆ ಎಲ್ಲರ ಕಣ್ಣೆದುರಿಗಿದೆ, ಕಳಚಿ ಮೇಜಿನ ಮೇಲಿಟ್ಟು ಅಳೆಯಬಹುದು.

ಪಿಸ್ತೂಲಿನವರಿಗೆ ಈ ಕ್ಯಾನ್‌ವಾಸಿನ ಭಾಗ್ಯವೂ ಇಲ್ಲ. ಒಂದೇ ಕೈಯಲ್ಲಿ ಹಿಡಿಯಬೇಕು, ಮಣಿಕಟ್ಟು ಬರಿದಾಗಿ ಕಾಣಬೇಕು. ಪಿಸ್ತೂಲ್ ಹಿಡಿದ ಕೈಗೆ ಗಡಿಯಾರ, ಬಳೆ, ಪಟ್ಟಿ ಯಾವುದೂ ಕೂಡದು. ಬೂಟು ಕಾಲಿನ ಗೆಣ್ಣನ್ನು ಮುಚ್ಚುವಂತಿಲ್ಲ, ಗೆಣ್ಣು ಕಟ್ಟಿಬಿಟ್ಟರೆ ತೂಗಾಟ ಕಡಿಮೆಯಾಗುತ್ತದೆ. ಉದ್ದ ಚಾಚಿದ ತೋಳಿನ ತುದಿಯಲ್ಲಿ ಒಂದೂವರೆ ಕಿಲೋ ತನಕ ತೂಗಬಹುದಾದ ಪಿಸ್ತೂಲು, ಆಸರೆ ಬರೀ ಭುಜದ ಸ್ನಾಯು. ಹೀಗಾಗಿಯೇ ಏರ್ ಪಿಸ್ತೂಲಿನ ಹತ್ತರ ವೃತ್ತಕ್ಕೆ 11.5 ಮಿ.ಮೀ. ವ್ಯಾಸ ಕೊಟ್ಟಿದ್ದಾರೆ, ರೈಫಲ್ಲಿನದರ 23 ಪಟ್ಟು. ಅಷ್ಟಾದರೂ ಅರವತ್ತಕ್ಕೆ ಅರವತ್ತೂ ಹತ್ತು ಹೊಡೆಯುವುದು ಕನಸು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಬೆಂಗಳೂರಿನ ಪಿ.ಎನ್. ಪ್ರಕಾಶ್ ಈ ವಿಭಾಗದಲ್ಲಿ ಕಂಚು ಗೆದ್ದದ್ದು ಇಂಥ ಬರಿಗೈಯ ಆಟದಲ್ಲಿ.

ಇನ್ನು ಕಿಮ್ ಯೆ-ಜಿಯ ಕನ್ನಡಕ. ಅದು ಕೈಗೆ ಆಸರೆಯಲ್ಲ, ಕಣ್ಣಿಗೆ ಅನುಕೂಲ. ಒಂದು ಕಣ್ಣು ಮುಚ್ಚಿ ಗುರಿ ಹಿಡಿಯುವುದು ಸಿನಿಮಾದ ಪದ್ಧತಿ. ಮುಚ್ಚಲು ಮುಖದ ಸ್ನಾಯು ದುಡಿಯಬೇಕು. ಮೇಲಾಗಿ ಎರಡು ಕಣ್ಣಿನ ಪಾಪೆಗಳು ಒಂದಕ್ಕೊಂದು ಜೋಡಿ, ಒಂದಕ್ಕೆ ಕತ್ತಲಾದರೆ ಇನ್ನೊಂದೂ ಒಂದಿಷ್ಟು ಅರಳುತ್ತದೆ. ಪಾಪೆ ಅರಳಿದಷ್ಟೂ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದು ಕಷ್ಟ. ಪಿಸ್ತೂಲ್ ಶೂಟರಿಗೆ ಬೇಕಾದದ್ದು ಅದೇ ಅಲ್ಲವೇ? ತೋಳಳತೆಯ ಪಿಸ್ತೂಲಿನ ತುದಿಯೂ ಕಾಣಬೇಕು, ಹತ್ತು ಮೀಟರ್ ಆಚೆಯ ಕಪ್ಪು ವೃತ್ತವೂ ತೀರ ಕದಡಬಾರದು. ಆದ್ದರಿಂದ ಗುರಿ ಹಿಡಿಯದ ಕಣ್ಣಿಗೆ ಬೆಳಕು ಸೋಸುವ ಸಣ್ಣ ಪರದೆ, ಗುರಿ ಹಿಡಿಯುವ ಕಣ್ಣಿನ ಮುಂದೆ ಕಿರಿದು ಮಾಡಬಹುದಾದ ರಂಧ್ರ. ಮುಂದಿನ ಪರದೆ 30 ಮಿ.ಮೀ.ಗಿಂತ ಅಗಲವಿರಬಾರದು, ಪಕ್ಕದ್ದು 40 ಮಿ.ಮೀ. ಮೀರಬಾರದು ಎಂಬ ಮಿತಿ ಅಲ್ಲೂ ಇದೆ. ಡಿಕೆಚ್ ಎರಡೂ ಕಣ್ಣು ತೆರೆದೇ ಹೊಡೆಯುತ್ತಾನೆ, ಹಾಗಾಗಿ ಪರದೆ ಬೇಕಿರಲಿಲ್ಲ. ಅವರವರ ಕಣ್ಣು, ಅವರವರ ಅಭ್ಯಾಸ.

ಹಾರುವ ತಟ್ಟೆಗೆ ಹೊಡೆಯುವ ಸ್ಕೀಟ್‌ನಲ್ಲಿ ಉಡುಪಿನ ನಿಯಮ ತಲೆಕೆಳಗು. ಅಲ್ಲಿ ಬಟ್ಟೆಯಿಂದ ಏನನ್ನೂ ತೆಗೆಯುವುದಿಲ್ಲ, ಒಂದನ್ನು ಸೇರಿಸುತ್ತಾರೆ. ಮೊಣಕೈ ಮಟ್ಟದ ಕೆಳಗೆ ಅಂಗಿಯ ಮೇಲೆ 250 ಮಿ.ಮೀ. ಉದ್ದ, 30 ಮಿ.ಮೀ. ಅಗಲದ ಹಳದಿ ಪಟ್ಟಿ. ತಟ್ಟೆ ಹಾರುವ ತನಕ ಕೋವಿಯ ಹಿಂಬದಿ ಆ ಪಟ್ಟಿಗೆ ತಾಗಿರಬೇಕು. ತಟ್ಟೆ ಬಿಡಲು ಶೂಟರ್ ಕೂಗಿದ ಮೇಲೆ ಅದು ತಕ್ಷಣವೂ ಬರಬಹುದು, ಮೂರು ಸೆಕೆಂಡು ತಡವಾಗಿಯೂ ಬರಬಹುದು. ಅವಸರಕ್ಕೆ ಬಿದ್ದು ಕೋವಿಯನ್ನು ಮೊದಲೇ ಮೇಲೆತ್ತಿದರೆ ತೀರ್ಪುಗಾರನಿಗೆ ಹಳದಿ ಪಟ್ಟಿ ಹೇಳಿಬಿಡುತ್ತದೆ.

ಇಲ್ಲಿಯವರೆಗಿನದು ಅಳತೆಗೆ ಸಿಗುವ ಉಡುಪು. ಇದರಾಚೆ ಮರ್ಯಾದೆಯ ಉಡುಪು ಎಂಬ ಇನ್ನೊಂದು ಪ್ರಾಂತ್ಯವಿದೆ. ಸಾರ್ವಜನಿಕ ಕ್ರೀಡೆಗೆ ತಕ್ಕ ಘನತೆಯಿಂದ ಶೂಟರುಗಳು ಬರಬೇಕು ಎನ್ನುತ್ತದೆ ಐಎಸ್‌ಎಸ್‌ಎಫ್. ಜೀನ್ಸ್ ಬೇಡ, ತೋಳಿಲ್ಲದ ಬನಿಯನ್ನು ಬೇಡ, ಹರಿದ, ತೂತಾದ ಪ್ಯಾಂಟು ಬೇಡ. ಚಡ್ಡಿಯಾಗಲಿ ಲಂಗವಾಗಲಿ ಅದರ ಅಂಚು ಮಂಡಿಚಿಪ್ಪಿನ ನಡುವಿನಿಂದ 15 ಸೆಂ.ಮೀ.ಗಿಂತ ಮೇಲೇರಬಾರದು. ಜೊತೆಗೆ, ಸೈನಿಕರು ಬೇಟೆಗಾರರು ತೊಡುವ ಮಚ್ಚೆಮಚ್ಚೆಯ ಕ್ಯಾಮೊಫ್ಲಾಜ್ ಬಟ್ಟೆ ಸುತಾರಾಂ ಬೇಡ.

ಕೊನೆಯದು ಸ್ವಾರಸ್ಯದ್ದು. ಈ ಆಟ ಹುಟ್ಟಿದ್ದೇ ಕವಾಯತಿನ ಮೈದಾನದಲ್ಲಿ. 1860ರಲ್ಲಿ ವಿಂಬಲ್ಡನ್ನಿನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಕೂಟವನ್ನು ವಿಕ್ಟೋರಿಯಾ ರಾಣಿ ತಾನೇ ಒಂದು ಗುಂಡು ಹಾರಿಸಿ ಉದ್ಘಾಟಿಸಿದ್ದಳು. ಸಂಘದ ಗುರಿ, ದೇಶ ಕಾಯುವ ಸ್ವಯಂಸೇವಕರಿಗೆ ಬಂದೂಕು ಕಲಿಸುವುದು. ಒಲಿಂಪಿಕ್ಸಿಗೆ ಬಂದ ಮೇಲೂ ಬಹುಕಾಲ ಜನ ತಮಗೆ ತೋಚಿದ್ದನ್ನು ತೊಟ್ಟು ಬರುತ್ತಿದ್ದರು. 1920ರಲ್ಲಿ 72ನೇ ವಯಸ್ಸಿಗೆ ಬೆಳ್ಳಿ ಗೆದ್ದ ಸ್ವೀಡನ್ನಿನ ಆಸ್ಕರ್ ಸ್ವಾನ್ ಚಿತ್ರಗಳಲ್ಲಿ ಹ್ಯಾಟು, ಬಿಳಿಗಡ್ಡದ ಜಮೀನ್ದಾರನಂತೆ ಕಾಣುತ್ತಾನೆ. ಈಗ ಟಿವಿಯಲ್ಲಿ ಬಂದೂಕು ಕಂಡರೆ ನೋಡುವವರಿಗೆ ನೆನಪಾಗುವುದು ಬೇರೆಯೇ ಸುದ್ದಿಗಳು. ಆಟಕ್ಕೂ ಯುದ್ಧಕ್ಕೂ ನಡುವೆ ಒಂದು ಗೆರೆ ಕಾಣಿಸಲೇಬೇಕೆಂದು ಒಕ್ಕೂಟಕ್ಕೆ ಅನ್ನಿಸಿದ್ದರೆ ತಪ್ಪೆನ್ನಲಾರೆ. ಕ್ಯಾಮೊಫ್ಲಾಜ್ ನಿಷೇಧ ನನಗೆ ಸರಿಯೆನಿಸುತ್ತದೆ. ಜೀನ್ಸ್ ನಿಷೇಧ ಮಾತ್ರ ಹಳೆಯ ಕ್ಲಬ್ಬುಗಳ ಬಾಗಿಲಲ್ಲಿ ನಿಂತ ದರವಾನನ ಗತ್ತಿನಂತಿದೆ. ಅದರಿಂದ ಯಾರ ಗುರಿಯೂ ಕೆಡುವುದಿಲ್ಲ, ಯಾರಿಗೂ ಲಾಭವಿಲ್ಲ.

ಮರ್ಯಾದೆಯ ಅಳತೆಕೋಲು ಊರಿಂದೂರಿಗೆ ಬದಲಾಗುತ್ತದೆ ಎಂಬುದು 2016ರಲ್ಲಿ ಮುನ್ನೆಲೆಗೆ ಬಂತು. ಡಿಸೆಂಬರಿನಲ್ಲಿ ಏಷ್ಯನ್ ಏರ್‌ಗನ್ ಚಾಂಪಿಯನ್‌ಷಿಪ್ ಟೆಹರಾನಿನಲ್ಲಿ ನಡೆಯುವುದಿತ್ತು. ಹೆಂಗಸರು ಹಿಜಾಬ್ ತೊಡಬೇಕಿತ್ತು. ಪಿಸ್ತೂಲಿನಲ್ಲಿ ಒಮ್ಮೆ ವಿಶ್ವದ ಒಂದನೇ ಸ್ಥಾನಕ್ಕೇರಿದ್ದ ಹೀನಾ ಸಿಧು, ಅದನ್ನು ಒಪ್ಪಲಾರೆನೆಂದು ಸ್ಪರ್ಧೆಯಿಂದ ಹಿಂದೆ ಸರಿದರು. ತಲೆವಸ್ತ್ರ ತೊಟ್ಟೇ ಒಲಿಂಪಿಕ್ಸಿಗೆ ಬಂದು ಗುರಿ ಹಿಡಿದ ಶೂಟರುಗಳೂ ಇದ್ದಾರೆ, ಕತಾರಿನ ಬಾಹಿಯಾ ಅಲ್ ಹಮದ್ ಅವರಲ್ಲೊಬ್ಬಳು. ಅದೇ ಬಟ್ಟೆ ಒಬ್ಬಳಿಗೆ ತನ್ನದು, ಇನ್ನೊಬ್ಬಳಿಗೆ ಹೇರಿದ್ದು. ಕೊಳವೆಯ ಬಾಯಿ ಮೇಲೆ ಹಾಸಿ ಒಂದು ಕಿಲೋ ಭಾರ ಇಟ್ಟು ಇದನ್ನು ತೀರ್ಮಾನಿಸಲು ಬರುವುದಿಲ್ಲ. ಮಲೇಷ್ಯಾದ ನೂರ್ ಸೂರ್ಯಾನಿ ತಾಯಿಬಿ 2012ರ ಲಂಡನ್ನಿನಲ್ಲಿ ಎಂಟು ತಿಂಗಳ ಗರ್ಭಿಣಿಯಾಗಿ ಏರ್ ರೈಫಲ್ ಹಿಡಿದು ನಿಂತಾಗಲೂ ನಿಯಮ ಬರೆದವರು ಯೋಚಿಸಿರದ ದೇಹವೊಂದು ಆ ಜಾಕೆಟ್ಟಿನೊಳಗಿತ್ತು.

ಇಷ್ಟೆಲ್ಲ ರಗಳೆಗಿಂತ ಜಾಕೆಟ್ಟನ್ನೇ ಕಿತ್ತುಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಈಜಿನಲ್ಲಿ ಹಾಗೆ ಆಯಿತು. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಪಾಲಿಯುರಿಥೇನ್ ಈಜುಡುಗೆಗಳ ದೆಸೆಯಿಂದ 43 ವಿಶ್ವದಾಖಲೆಗಳು ಮುರಿದುಬಿದ್ದವು. 2010ರ ಜನವರಿಯಿಂದ ಅವುಗಳಿಗೆ ನಿಷೇಧ, ನೇಯ್ದ ಬಟ್ಟೆ ಮಾತ್ರ. ಆದರೆ ಈಜುಡುಗೆ ಕಳಚಿದರೆ ಈಜುಗಾರನಿಗೆ ಹೋಗುವುದು ವೇಗವೊಂದೇ. ಶೂಟಿಂಗ್ ಜಾಕೆಟ್ಟು ಕಳಚಿದರೆ ಅಂಕವೂ ಇಳಿಯುತ್ತದೆ, ಹದಿನೈದು ಹದಿನಾರರ ಹುಡುಗ ಹುಡುಗಿಯರ ಬೆನ್ನೂ ಭಾರಕ್ಕೆ ಸಿಕ್ಕುತ್ತದೆ. ಇನ್ನೊಂದು ಬದಿಗೆ, ಮೈಯಳತೆಗೆ ಹೊಲಿಸಿದ ಜಾಕೆಟ್ಟು, ಪ್ಯಾಂಟು, ಬೂಟುಗಳ ಬೆಲೆ ಸಾಧಾರಣ ಮನೆಯವರ ಕೈಗೆಟುಕುವಂಥದ್ದಲ್ಲ. ಅವು ಹೋದರೆ ಆಟದ ಬಾಗಿಲು ಇನ್ನಷ್ಟು ಮಕ್ಕಳಿಗೆ ತೆರೆದೀತು. ಎರಡೂ ವಾದದಲ್ಲಿ ಹುರುಳಿದೆ. ನನಗೆ ಅನುಮಾನ ಬರುವುದು ಮೂರನೆಯದರ ಬಗ್ಗೆ. ಜಾಕೆಟ್ಟು ಹೋದ ಮರುದಿನವೇ ಮೈಗೆ ಅಂಟಿಕೊಂಡು ಸೊಂಟವನ್ನು ಹಿಡಿದಿಡುವ ಒಳಂಗಿಯೊಂದು ಮಾರುಕಟ್ಟೆಗೆ ಬರುವುದಿಲ್ಲ ಎಂದು ಯಾರು ಹೇಳಬಲ್ಲರು? ನಿಯಮ ಬರೆದವರು ಇದನ್ನು ಯೋಚಿಸದೆ ಬಿಟ್ಟಿಲ್ಲ. ಜಾಕೆಟ್ಟು ಪ್ಯಾಂಟುಗಳ ಒಳಗೆ ಹಾಕುವ ಬಟ್ಟೆಯನ್ನೂ ಅದೇ 30 ಮಿ.ಮೀ. ಬಿಲ್ಲೆಗಳ ನಡುವೆ ಇಟ್ಟು, ಅದೇ ಐದು ಕಿಲೋ ಹೇರಿ, ಅಳೆಯಬಹುದು: ಒಂಟಿ ಪದರ 2.5, ಜೋಡಿ ಪದರ 5.